ನಾನು ನೀಲಿ ಗೆರೆ ಎಳೆಸಿದ ಏಳು ಹಸುಗಳು

ಹೊರಡುವ ಮೊದಲು, ದಂಡಿನಶಿವರ

ಪಶುವೈದ್ಯ ಪದವಿ ಮುಗಿಸಿದವರು ಮುಂದೆ ಯಾವ ದಾರಿ ಹಿಡಿಯಬೇಕು ಎಂಬುದು ದಂಡಿನಶಿವರದಲ್ಲಿ ಎಲ್ಲರಿಗೂ ಗೊತ್ತು, ಪದವಿ ಮುಗಿಸಿದ ನನ್ನೊಬ್ಬಳನ್ನು ಬಿಟ್ಟು. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ನಮ್ಮ ಮಾವ, "ನಾಯಿ ಡಾಕ್ಟ್ರಾಗ್ಬುಡು ಕಣೇ, ಏಸಿ ರೂಮಲ್ಲಿ ಕುಂತ್ಕಂಡು ಮಾಡೋ ಕೆಲ್ಸ," ಎಂದರು. ಅಪ್ಪನಿಗೆ ಸರ್ಕಾರಿ ಪರೀಕ್ಷೆಯ ಹೊರತು ಬೇರೆ ದಾರಿ ದಾರಿಯೇ ಅಲ್ಲ. ಎದುರು ಮನೆಯ ಈರಮ್ಮಜ್ಜಿ ಮಾತ್ರ ನನ್ನ ಗದ್ದ ಹಿಡಿದು ಮರುಗಿದರು: "ಮನುಷ್ರ ಡಾಕ್ಟ್ರಾಗಾಕೆ ಮಾರ್ಕ್ಸು ಸಾಲ್ದೆ ಹೋಯ್ತೇನವ್ವಾ?"

ಜೊತೆಗೆ ಓದಿದವರು ಆಗಲೇ ದಿಕ್ಕಿಗೊಬ್ಬರಾಗಿದ್ದರು. ಒಬ್ಬಳು ಕೋಳಿ ಕಂಪನಿ ಸೇರಿದ್ದಳು. ಅಲ್ಲಿ ಒಂದೊಂದು ಶೆಡ್ಡಿನಲ್ಲೂ ಸಾವಿರಾರು ರೋಗಿಗಳು, ಒಬ್ಬರ ಮುಖವೂ ಪರಿಚಯವಿಲ್ಲ ಎಂದು ಫೋನಿನಲ್ಲಿ ಗೋಳಾಡುತ್ತಿದ್ದಳು. ಒಬ್ಬ ಔಷಧ ಕಂಪನಿಯ ಬ್ಯಾಗು ಹಿಡಿದು ನಮ್ಮ ಮೇಷ್ಟ್ರುಗಳಿಗೇ ಟಾನಿಕ್ಕು ಮಾರುತ್ತಿದ್ದ. ಇನ್ನೊಬ್ಬಳು ಮತ್ತೆ ಎರಡು ವರ್ಷ ಓದಲು ಕೂತಳು, ಮದುವೆ ಮಾತನ್ನು ಮುಂದೂಡಲು ಅದಕ್ಕಿಂತ ಮರ್ಯಾದಸ್ಥ ಕಾರಣ ಬೇರೆ ಇಲ್ಲ ಅಂತ.

ನನಗೆ ಹಸುಗಳೇ ಬೇಕಾಗಿದ್ದವು. ಅವುಗಳ ಹಿಂದೆ ನಿಂತರೆ ನನಗೆ ನೆಮ್ಮದಿ. ತೊಂದರೆ ಇದ್ದದ್ದು ಹಸುವಿನ ಮುಂದೆ ಹಗ್ಗ ಹಿಡಿದು ನಿಂತವರಿಂದ. ಹೊಟ್ಟೆಯಲ್ಲಿ ಕರು ಇದೆಯೇ ಎಂದು ಪರೀಕ್ಷಿಸಿದ ಮೇಲೆ, ಇಲ್ಲದಿದ್ದಾಗ, ಇಲ್ಲ ಎಂದು ಅವರ ಮುಖ ನೋಡಿಕೊಂಡು ಹೇಳಲು ನನಗೆ ಬಾಯಿಯೇ ಬರುತ್ತಿರಲಿಲ್ಲ. ತರಬೇತಿಯ ಆರು ತಿಂಗಳೂ ನಾನು ಬಳಸಿದ ಮುಖ್ಯ ಔಷಧಿ ಒಂದೇ: "ನೋಡಾನ ಬುಡಿ."

ತಪ್ಪು ನನ್ನೊಬ್ಬಳದಲ್ಲ. ನಮ್ಮ ಮನೆಯಲ್ಲಿ ಅಕ್ಕಿ ಖಾಲಿಯಾದರೆ ಅಮ್ಮ "ಅಕ್ಕಿ ತುಂಬೈತೆ" ಅನ್ನುತ್ತಾರೆ. ಬಳೆ ಒಡೆದರೆ "ಬಳೆ ಹೆಚ್ಚಿತು." ಹೊರಟವರು "ಹೋಗ್ತೀನಿ" ಅನ್ನಬಾರದು, "ಬತ್ತೀನಿ" ಅನ್ನಬೇಕು. ಹೀಗೆ ಅಕ್ಕಿ ಡಬ್ಬದಿಂದ ಹಿಡಿದು ಬಾಗಿಲವರೆಗೆ ಇಲ್ಲ ಎಂಬ ಪದವನ್ನು ಹೊಸ್ತಿಲಾಚೆ ನಿಲ್ಲಿಸಿದ ಮನೆಯಲ್ಲಿ ಬೆಳೆದವಳು, ಒಂದೇ ಹಸು ಇರುವವರ ಕೊಟ್ಟಿಗೆಗೆ ಹೋಗಿ ಆ ಪದವನ್ನು ಹೇಗೆ ತಾನೇ ಆಡಿಯಾಳು?

ಇದನ್ನು ಗಮನಿಸಿದ ನಮ್ಮ ಮೇಷ್ಟ್ರೊಬ್ಬರು, ನೆದರ್‌ಲ್ಯಾಂಡ್ಸಿನಲ್ಲಿ ದನದ ಡಾಕ್ಟರಾಗಿದ್ದ ತಮ್ಮ ಸ್ನೇಹಿತೆಯ ಬಳಿಗೆ ಆರು ವಾರ ಹೋಗಿ ಬಾ ಎಂದರು. "ಕೈ ಪಳಗುತ್ತೆ. ಬಾಯೂ ಪಳಗಲಿ," ಎಂದರು. ಆರು ವಾರ ಮುಗಿದಾಗ ಆಕೆ ಒಂದು ಕಾಗದ ಬರೆದುಕೊಡಬೇಕಿತ್ತು: ಇವಳನ್ನು ಹಸುಗಳ ಜೊತೆ ಒಬ್ಬಳೇ ಬಿಡಬಹುದೋ, ಬಾರದೋ. ಬಾರದು ಅಂತ ಬಂದರೆ ಮಾವನ ಏಸಿ ರೂಮಿಗೆ ಹೋಗುವುದೆಂದು ನನಗೆ ನಾನೇ ಮಾತು ಕೊಟ್ಟುಕೊಂಡೆ.

ವಿಮಾನ ನಿಲ್ದಾಣ

ಅಮ್ಮ ಒಂದು ಡಬ್ಬಿ ತುಪ್ಪ, ಒಂದು ಪೊಟ್ಟಣ ಕೊಬ್ಬರಿ ಕಟ್ಟಿಕೊಟ್ಟಿದ್ದರು. ಅಲ್ಲಿ ಇಳಿದಾಗ ಸಮವಸ್ತ್ರದವರೊಬ್ಬರು ಇತ್ತೀಚೆಗೆ ದನಕರುಗಳ ಹತ್ತಿರ ಹೋಗಿದ್ದೀಯಾ ಎಂದು ಕೇಳಿದರು. ಬೇರೆ ಯಾರಾದರೂ ಇಲ್ಲ ಎಂದು ತಲೆಯಾಡಿಸಿ ಹೊರಗೆ ಹೋಗಿರುತ್ತಿದ್ದರು. ನಾನೋ, ವೃತ್ತಿಯ ಅಭಿಮಾನದಿಂದ, ಹೊರಡುವ ದಿನ ಬೆಳಿಗ್ಗೆ ಭುಜದವರೆಗೆ ಒಂದು ಹಸುವಿನ ಒಳಗೇ ಇದ್ದೆ ಎಂದು ಕೈ ಮಾಡಿ ತೋರಿಸಿದೆ.

ಆತ ಎರಡು ಹೆಜ್ಜೆ ಹಿಂದೆ ಸರಿದ. ಶೂ ಬಿಚ್ಚಿಸಿದರು, ಔಷಧಿ ನೀರಿನಲ್ಲಿ ತೊಳೆದರು, ಪೆಟ್ಟಿಗೆಯನ್ನೆಲ್ಲ ಬಿಡಿಸಿ ಹರಡಿದರು. ಹಾಲಿನ ಪದಾರ್ಥ ಒಳಗೆ ಬರುವ ಹಾಗಿಲ್ಲವೆಂದು ತುಪ್ಪ ಕಸದ ಡಬ್ಬಿಗೆ ಹೋಯಿತು. ಕೊಬ್ಬರಿಯನ್ನು ಮೂಸಿ ನೋಡಿ, ಇದಕ್ಕೆ ಅಡ್ಡಿಯಿಲ್ಲ ಎಂದು ವಾಪಸು ಕೊಟ್ಟರು. ತಿಪಟೂರು ಸೀಮೆಯವಳಾಗಿ ಆ ಕ್ಷಣ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಅಮ್ಮನ ತುಪ್ಪಕ್ಕೆ ಅಳುವುದೇ ಮರೆತುಹೋಯಿತು. ಮೊದಲ ನಾಲ್ಕು ದಿನ ಮಾತ್ರ ಯಾವ ಕೊಟ್ಟಿಗೆಗೂ ಕಾಲಿಡದೆ ಮನೆಯಲ್ಲೇ ಕೂತಿರಬೇಕಾಯಿತು. ದನದ ಡಾಕ್ಟರು ದನಗಳಿಗೆ ಅಪಾಯ ಎಂಬುದನ್ನು ನಮ್ಮೂರಿನಲ್ಲಿ ಇಷ್ಟು ಬೇಗ ಯಾರೂ ಕಂಡುಹಿಡಿದಿರಲಿಲ್ಲ.

ಫೆಮ್ಕೆಯ ಕಾರು

ಮೇಷ್ಟ್ರ ಸ್ನೇಹಿತೆಯ ಹೆಸರು ಫೆಮ್ಕೆ. ಐವತ್ತು ದಾಟಿದ, ಬಾಗಿಲಿನಷ್ಟು ಎತ್ತರದ ಹೆಂಗಸು. ದೇಶದ ಉತ್ತರಕ್ಕಿರುವ ಫ್ರೀಸ್‌ಲ್ಯಾಂಡಿನಲ್ಲಿ, ಸಮುದ್ರಕ್ಕಿಂತ ತಗ್ಗಿನಲ್ಲಿ ಹರಡಿದ ಹಸಿರು ಬಯಲಿನಲ್ಲಿ, ಊರಿಂದೂರಿಗೆ ಕಾರು ಓಡಿಸಿಕೊಂಡು ಹಸು ನೋಡುವುದು ಆಕೆಯ ಕೆಲಸ. ಗುಡ್ಡವೆಂಬುದು ಕಣ್ಣಿಗೆ ಬೀಳಲಿಲ್ಲ, ತೆಂಗಿನ ಮರವಂತೂ ಬಿಡಿ. ನೆರಳೇ ಇಲ್ಲದ ಊರಲ್ಲಿ ಜನ ಎಲ್ಲಿ ಕೂತು ಹರಟೆ ಹೊಡೆಯುತ್ತಾರೆ ಎಂಬುದು ನನ್ನ ಮೊದಲ ಚಿಂತೆ.

ಹರಟೆ ಹೊಡೆಯುವುದಿಲ್ಲ ಎಂದು ಬೇಗ ತಿಳಿಯಿತು. ಆಕೆಯ ಇಂಗ್ಲಿಷೂ ನನ್ನದೂ ಒಂದೇ ಕಾಲಿನಲ್ಲಿ ಕುಂಟುತ್ತಿದ್ದವು. ಅದನ್ನು ಹಾಗೇ ಬರೆದರೆ ಇಬ್ಬರ ಮಾನವೂ ಹೋಗುತ್ತದೆ. ಆದ್ದರಿಂದ ಎಲ್ಲರ ಬಾಯಲ್ಲೂ ನಮ್ಮೂರ ಮಾತನ್ನೇ ಇಡುತ್ತೇನೆ. ಕಾರು ಹತ್ತಿದ ತಕ್ಷಣ ಆಕೆ ಅಂದದ್ದು ಇಷ್ಟು: "ನಿನ್ ಕೈ ಗಿಡ್ಡ."

"ನೋಡಾನ, ಅಭ್ಯಾಸ ಆದ್ರೆ..." ಎಂದೆ.

"ಅಭ್ಯಾಸದಿಂದ ಕೈ ಬೆಳೆಯಕಿಲ್ಲ. ಸ್ಟೂಲ್ ಹಾಕ್ಕಂಡು ನಿಂತ್ಕೋ," ಎಂದಳು. ಬೈದದ್ದಲ್ಲ, ಮರುದಿನವೇ ಕಾರಿನ ಹಿಂದೆ ಒಂದು ಮರದ ಸ್ಟೂಲು ಇತ್ತು.

ಹೊಸ ಡಾಕ್ಟರನ್ನು ಅಲ್ಲಿ ತಿಂಗಳುಗಟ್ಟಲೆ ಹಿರಿಯರ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ತಿರುಗುತ್ತಾರೆ. ತಪ್ಪಿದರೆ ತಿದ್ದಲು ಒಬ್ಬರಿರುತ್ತಾರೆ. ನಮ್ಮಲ್ಲೂ ಹೊಸಬರು ಒಂಟಿಯಲ್ಲ. ಊರಿನ ಅರ್ಧ ಜನ ಸುತ್ತ ನಿಂತಿರುತ್ತಾರೆ, ಎಲ್ಲರೂ ಹಿರಿಯ ಡಾಕ್ಟರುಗಳೇ. ಫೆಮ್ಕೆ ಕೂಡ ಮೊದಲು ಎರಡು ವರ್ಷ ಪಟ್ಟಣದಲ್ಲಿ ನಾಯಿ ಬೆಕ್ಕು ನೋಡುತ್ತಿದ್ದಳಂತೆ. ಯಾಕೆ ಬಿಟ್ಟೆ ಎಂದು ಕೇಳಿದೆ. "ನಾಯಿ ಕಚ್ಚುದ್ರೆ ವಾಸಿಯಾಗುತ್ತೆ. ನಾಯಿ ಯಜಮಾನ್ರು ಕಚ್ಚುದ್ರೆ ಆಗಕಿಲ್ಲ," ಎಂದಳು. ಮಧ್ಯಾಹ್ನ ಕಾರಿನಲ್ಲೇ ಊಟ: ಬ್ರೆಡ್ಡಿಗೆ ಬೆಣ್ಣೆ ಸವರಿ, ಮೇಲೆ ಚಾಕೊಲೇಟಿನ ಕಾಳು ಉದುರಿಸಿ ತಿಂದಳು. ಅಷ್ಟು ನಿಷ್ಠುರದ ಹೆಂಗಸು ಊಟಕ್ಕೆ ಮಕ್ಕಳ ತಿಂಡಿ ತಿನ್ನುವುದನ್ನು ನೋಡಿ ನನಗೆ ಸ್ವಲ್ಪ ಧೈರ್ಯ ಬಂತು.

ಡೌವೆಯ ಕೊಟ್ಟಿಗೆ

ಡೌವೆ ನಲವತ್ತರ ಆಸುಪಾಸಿನ ರೈತ, ನೂರಿಪ್ಪತ್ತು ಹಸುಗಳ ಒಡೆಯ. ನಮ್ಮಲ್ಲಿ ದನ ಎಷ್ಟಿವೆ ಎಂದು ಕೇಳಿದರೆ ದೃಷ್ಟಿಯಾದೀತೆಂದು "ಏನೋ ಒಂದೆರಡು ಅವೆ" ಅನ್ನುತ್ತಾರೆ. ಈತ ಕೇಳುವ ಮೊದಲೇ ಎಣಿಕೆಯ ಹಾಳೆ ಕೈಗಿಟ್ಟ. ಕಿವಿಗೆ ನಂಬರು ಚುಚ್ಚಿದ್ದರೂ ಪ್ರತಿ ಹಸುವಿಗೂ ಹೆಸರಿತ್ತು. ತಾಯಿಯ ಹೆಸರೇ ಮಗಳಿಗೆ, ಮುಂದಿನ ಸಂಖ್ಯೆ ಸೇರಿಸಿ. ರಾಜರಾಣಿಯರ ವಂಶಾವಳಿಯ ಹಾಗೆ ಸಾಲಾಗಿ ನಿಂತು ಮೆಲುಕು ಹಾಕುತ್ತಿದ್ದವು.

ಮೊದಲ ಹಸುವಿನ ಹತ್ತಿರ ಹೋದಾಗ ಅಭ್ಯಾಸಬಲದಿಂದ ಅದರ ಬೆನ್ನು ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಂಡೆ. ಡೌವೆ ನಿಂತು ನೋಡಿದ. "ಅದೇನು ನೋಡಿದ್ದು?" ಎಂದು ಕೇಳಿದ. ವಿವರಿಸಲು ಇಂಗ್ಲಿಷು ಸಾಲದೆ, "ಜ್ವರ," ಎಂದೆ. ಮುಂದಿನ ವಾರ ಆತ ತಾನೇ ಒಂದು ಹಸುವಿನ ಬೆನ್ನು ಮುಟ್ಟಿ, ಕಣ್ಣಿಗೆ ಒತ್ತಿಕೊಂಡು, "ಇದಕ್ಕೆ ಜ್ವರ ಇಲ್ಲ ಅನ್ಸುತ್ತೆ," ಎಂದು ಫೆಮ್ಕೆಗೆ ವರದಿ ಮಾಡಿದ. ಫೆಮ್ಕೆ ನನ್ನ ಕಡೆ ನೋಡಿದಳು. ನಾನು ಹಸುವಿನ ಕಡೆ ನೋಡಿದೆ.

ಅಲ್ಲಿ ನನಗೆ ತುಂಬ ಹಿಡಿಸಿದ ಸಂಗತಿ ಒಂದಿತ್ತು. ನಾನು ಕಾರಿನಿಂದ ಇಳಿದಾಗ ಡೌವೆ ನನ್ನ ಹಿಂದೆ ಇಣುಕಿ "ಡಾಕ್ಟ್ರು ಬರ್ಲಿಲ್ವಾ?" ಎಂದು ಕೇಳಲಿಲ್ಲ. ಹಿಡಿಸದ ಸಂಗತಿಯೂ ಒಂದು: ಕೆಲಸ ಮುಗಿದ ಮೇಲೆ ಕಾಫಿ ಕೊಟ್ಟು, ತಲೆಗೊಂದು ಬಿಸ್ಕತ್ತು ತೆಗೆದುಕೊಳ್ಳಲು ಡಬ್ಬಿ ಚಾಚಿ, ಕಣ್ಣೆದುರೇ ಮುಚ್ಚಳ ಹಾಕಿ ಬೀರುವಿನಲ್ಲಿ ಇಡುತ್ತಿದ್ದ. ನಮ್ಮಲ್ಲಿ ಡಾಕ್ಟರು ಬೇಡ ಬೇಡ ಎಂದಷ್ಟೂ ತಟ್ಟೆ ತುಂಬುತ್ತದೆ. ನಾನು ಮೊದಲ ದಿನ ಮರ್ಯಾದೆಗೆ "ಬೇಡ" ಎಂದೆ. ಡಬ್ಬಿ ಮುಚ್ಚಿತು. ಅಷ್ಟೇ.

ಆ ದಿನವೇ ಕೊಟ್ಟಿಗೆಯ ಆಚೆ ತುದಿಯಲ್ಲಿ ಒಂದು ಲಾರಿ ನಿಂತಿತ್ತು. ಬೆನ್ನಿನ ಮೇಲೆ ಕೆಂಪು ಬಣ್ಣದ ಗೆರೆ ಇದ್ದ ಎರಡು ಹಸುಗಳನ್ನು ಅದಕ್ಕೆ ಹತ್ತಿಸುತ್ತಿದ್ದರು. ಗಬ್ಬ ನಿಲ್ಲದವು, ಕಸಾಯಿಖಾನೆಗೆ ಎಂದಳು ಫೆಮ್ಕೆ. ಮಳೆ ಬರಬಹುದು ಎಂದಷ್ಟೇ ಸಲೀಸಾಗಿ.

ಮೂರನೆಯ ಮಂಗಳವಾರ

ತಿಂಗಳಿಗೊಮ್ಮೆ ಡೌವೆಯ ಹಸುಗಳ ಗಬ್ಬ ಪರೀಕ್ಷೆ. ಅಷ್ಟರಲ್ಲಿ ಫೆಮ್ಕೆಯ ಭುಜ ಉಳುಕಿತ್ತು. "ಇವತ್ತು ನೀನೇ," ಎಂದು ಸ್ಕ್ಯಾನ್ ಯಂತ್ರ ನನ್ನ ಹೆಗಲಿಗೆ ಹಾಕಿದಳು. ಒಂದು ಕೈ ಹಸುವಿನೊಳಗೆ, ಕಣ್ಣಿಗೆ ದಪ್ಪ ಕನ್ನಡಕ. ಹೊಟ್ಟೆಯೊಳಗಿನ ಚಿತ್ರ ಆ ಕನ್ನಡಕದಲ್ಲಿ ಮೂಡುತ್ತದೆ, ಹಾಕಿಕೊಂಡವರಿಗೆ ಮಾತ್ರ ಕಾಣುತ್ತದೆ. ನಾನು ಸ್ಟೂಲು ಜರುಗಿಸುತ್ತ ಸಾಲಿನುದ್ದಕ್ಕೂ ಹೋಗಬೇಕು. ಗಬ್ಬ ಇದ್ದರೆ ಹಸಿರು, ಇಲ್ಲದಿದ್ದರೆ ಕೆಂಪು, ಅನುಮಾನವಿದ್ದರೆ ನೀಲಿ ಎಂದು ಹೇಳಬೇಕು. ಡೌವೆ ಆ ಬಣ್ಣದ ಗೆರೆ ಎಳೆಯುತ್ತಾನೆ. "ಗೊತ್ತಾಯ್ತಾ?" ಎಂದಳು ಫೆಮ್ಕೆ. ನಾವು ಗೊತ್ತಾಗಲಿ ಬಿಡಲಿ ಆಡಿಸುವ ಹಾಗೆ ತಲೆಯಾಡಿಸಿದೆ. ಕೆಂಪು ಎಂದ ಮೇಲೆ ಏನಾಗುತ್ತದೆ ಎಂದು ಕೇಳಲಿಲ್ಲ. ಲಾರಿ ನೋಡಿದ್ದೆನಲ್ಲ.

ಹಸಿರು, ಹಸಿರು, ಹಸಿರು. ನಾಲ್ಕನೆಯದು ಖಾಲಿ. ಕನ್ನಡಕದಲ್ಲಿ ಹಗಲಿನಷ್ಟು ಸ್ಪಷ್ಟವಾಗಿ ಖಾಲಿ. ಡೌವೆ ಬಣ್ಣದ ಡಬ್ಬಿ ಅಲ್ಲಾಡಿಸುತ್ತ ನನ್ನ ಬಾಯಿಯನ್ನೇ ನೋಡುತ್ತಿದ್ದ.

"ನೀಲಿ," ಎಂದೆ.

ಒಮ್ಮೆ ಜಾರಿದ ಮೇಲೆ ಎಲ್ಲ ಸುಲಭ. ಆ ಬೆಳಿಗ್ಗೆ ಕಂಡ ಖಾಲಿ ಹಸುಗಳು ಏಳು. ಏಳಕ್ಕೂ ನೀಲಿ. ಏಳನೆಯದರ ಹೆಸರು ಕ್ಲಾರಾ ಅರವತ್ತೊಂದು. ಬಿಳಿ ಹಣೆಯ ದೊಡ್ಡ ಹಸು, ಹತ್ತಿರ ಹೋದವರ ತೋಳನ್ನೆಲ್ಲ ಒರಟು ನಾಲಿಗೆಯಿಂದ ನೆಕ್ಕುವ ಚಾಳಿ. "ಇದ್ರುದ್ದು ಸರ್ಯಾಗಿ ಹೇಳು, ಇದು ಮುಖ್ಯ," ಎಂದ ಡೌವೆ. ಅವನ ದನಿ ಸ್ವಲ್ಪ ಬೇರೆಯಾಗಿತ್ತು. ಅದಕ್ಕೇ ಇನ್ನೂ ಗಟ್ಟಿಯಾಗಿ "ನೀಲಿ" ಎಂದೆ.

"ಅನುಮಾನ ಜಾಸ್ತಿ ಇವತ್ತು," ಎಂದಳು ಫೆಮ್ಕೆ. "ಪರವಾಗಿಲ್ಲ, ಹೊಸ ಕಣ್ಣು. ಮೂರು ವಾರ ಬಿಟ್ಟು ಮತ್ತೆ ನೋಡಾನ."

ನನ್ನ ಔಷಧಿಯನ್ನು ಅವಳ ಬಾಯಲ್ಲೂ ಕೇಳಿ ಹಿರಿಹಿರಿ ಹಿಗ್ಗಿದೆ. ಏಳು ಜೀವ ಉಳಿಸಿದ ಪುಣ್ಯವಂತೆಯ ಹಾಗೆ ಮೂರು ವಾರ ಬೀಗಿದೆ. ಅಮ್ಮನಿಗೆ ಫೋನಿನಲ್ಲಿ ಹೇಳಿಯೂ ಹೇಳಿದೆ. "ಒಳ್ಳೇದೇ ಮಾಡ್ದೆ ಬುಡು, ಗೋವು ಕಾಪಾಡುದ್ರೆ ಅದ್ಕಿಂತ ಇನ್ನೇನೈತೆ," ಎಂದರು ಅಮ್ಮ. ಡೌವೆಯ ಕೊಟ್ಟಿಗೆಗೆ ಹೋದಾಗಲೆಲ್ಲ ಕ್ಲಾರಾಳ ಹತ್ತಿರ ನಿಂತು ತೋಳು ನೆಕ್ಕಿಸಿಕೊಂಡು ಬರುತ್ತಿದ್ದೆ. ಒಂದು ದಿನ ತಿಪಟೂರು ಕೊಬ್ಬರಿಯ ಚೂರನ್ನೂ ಕೊಟ್ಟೆ. ಉಗುಳಿತು. ಅದನ್ನೂ ಕ್ಷಮಿಸಿದೆ.

ಆರನೆಯ ಮಂಗಳವಾರ

ಭುಜ ವಾಸಿಯಾಗಿದ್ದ ಫೆಮ್ಕೆ ಈ ಸಲ ತಾನೇ ಕನ್ನಡಕ ಹಾಕಿಕೊಂಡಳು. ನೀಲಿ ಗೆರೆಯ ಏಳನ್ನೂ ನೋಡಿದಳು. "ಕೆಂಪು. ಕೆಂಪು. ಕೆಂಪು..." ಏಳನೆಯದಕ್ಕೆ ಬರುವಷ್ಟರಲ್ಲಿ ಅವಳ ದನಿ ತಗ್ಗಿತ್ತು. ಕನ್ನಡಕ ಹಣೆಗೇರಿಸಿ ಕ್ಲಾರಾಳ ಹಿಂದೆಯೇ ನಿಂತುಬಿಟ್ಟಳು.

"ಅವತ್ತು ಏನೋ ಕಂಡಿದ್ಕೇ ತಾನೆ ನೀಲಿ ಅಂದಿದ್ದು. ಏಳ್ರಲ್ಲೂ ಗಬ್ಬ ನಿಂತು ಒಳಗೇ ಕರಗೋಗೈತೆ," ಎಂದಳು. "ಒಂದೋ ಎರಡೋ ಆದ್ರೆ ಸರಿ. ಏಳೂ ಅಂದ್ರೆ ಏನೋ ರೋಗ ಹೊಕ್ಕೈತೆ ಡೌವೆ. ಎಲ್ಲ ಹಸೀಂದೂ ರಕ್ತ ತೆಗೀಬೇಕು. ಅಲ್ಲೀಗಂಟ ಒಂದೂ ಹೊರಗೆ ಹೋಗಂಗಿಲ್ಲ."

ಡೌವೆ ಹಾಲು ಕರೆಯುವ ಕಡೆಯ ಗೋಡೆಗೆ ಒರಗಿ ಕೂತ. ಅಷ್ಟೆತ್ತರದ ಮನುಷ್ಯ ಅಷ್ಟು ಬೇಗ ಕುಳ್ಳಾಗಬಹುದೆಂದು ನನಗೆ ಗೊತ್ತಿರಲಿಲ್ಲ.

ನನಗೆ ತಪ್ಪಿಸಿಕೊಳ್ಳುವ ದಾರಿ ಅಂಗೈಯಲ್ಲಿತ್ತು. ಮೂರು ವಾರದ ಹಿಂದೆ ಆ ಕನ್ನಡಕದಲ್ಲಿ ಏನು ಕಂಡಿತ್ತೆಂದು ಲೋಕದಲ್ಲಿ ನನ್ನೊಬ್ಬಳಿಗೇ ಗೊತ್ತು. ನಾಲ್ಕು ದಿನಕ್ಕೆ ಕಾಗದ ಬರೆಸಿಕೊಂಡು ವಿಮಾನ ಹತ್ತಬಹುದಿತ್ತು. ಇಲ್ಲದ ರೋಗಕ್ಕೆ ನೂರಿಪ್ಪತ್ತು ಹಸುಗಳಿಗೆ ಸೂಜಿ ಚುಚ್ಚುತ್ತಿದ್ದರು, ಅಷ್ಟೇ. ಸ್ಟೂಲಿನ ಮೇಲೆ ಕೂತುಕೊಂಡೇ ಹೇಳಿದೆ.

"ರೋಗ ಏನೂ ಇಲ್ಲ. ಅವತ್ತೇ ಖಾಲಿ ಇದ್ವು. ಏಳೂ. ನಂಗೆ ಅವತ್ತೇ ಗೊತ್ತಿತ್ತು."

ಫೆಮ್ಕೆ ಹಣೆಯ ಮೇಲಿದ್ದ ಕನ್ನಡಕ ಕಳಚಿದಳು.

"ಯಾಕೆ ಹೇಳ್ಲಿಲ್ಲ?" ಎಂದಳು ಫೆಮ್ಕೆ.

"ಕೆಂಪು ಅಂದ್ರೆ ಲಾರಿಗೆ ಹಾಕ್ತೀರಾ ಅಂತ."

ಆಕೆ ಕೈಗವಸು ಕಿತ್ತು ಬಕೆಟ್ಟಿಗೆ ಎಸೆದಳು. "ಕೆಂಪು ಅಂದ್ರೆ ಅವತ್ತೇ ಬೆದೆ ಬರ್ಸೋ ಸೂಜಿ ಹಾಕ್ತಿದ್ದೆ. ಹತ್ತು ದಿನ್ದೊಳಗೆ ಗಬ್ಬ ನಿಲ್ಸೋಕೆ ಇನ್ನೊಂದ್ಸಲ ಕ್ರಾಸ್ ಮಾಡ್ತಿದ್ರು. ಅವಕಾಶ ಎಲ್ಲಾ ಮುಗ್ದಿದ್ದಕ್ಕೆ ಮಾತ್ರ ಲಾರಿ. ಕೇಳ್ಬೇಕು ಅನ್ನಿಸ್ಲಿಲ್ವಾ?"

ಡೌವೆ ಗೋಡೆಯ ಹತ್ತಿರದಿಂದ ಎದ್ದು ಬಂದ. ಕರು ಹಾಕಿ ಎಂಟು ತಿಂಗಳಾದ ಮೇಲೆ ಆತ ಯಾವ ಹಸುವಿಗೂ ಮತ್ತೆ ಕ್ರಾಸ್ ಮಾಡಿಸುವುದಿಲ್ಲ, ಅದು ಅವನ ಕೊಟ್ಟಿಗೆಯ ನಿಯಮ. ಉಳಿದ ಆರಕ್ಕೆ ಇನ್ನೂ ಸಮಯವಿತ್ತು. ಕ್ಲಾರಾ ಅರವತ್ತೊಂದಕ್ಕೆ ಆ ಮೂರನೆಯ ಮಂಗಳವಾರವೇ ಕೊನೆಯ ಅವಕಾಶವಾಗಿತ್ತು. ಈಗ ಎಂಟು ತಿಂಗಳು ದಾಟಿ ಐದು ದಿನ. ನೀಲಿ ಗೆರೆ ನಂಬಿ ಅದರ ಬೆದೆ ಕಾಯುವುದನ್ನೂ ಅವನು ಬಿಟ್ಟಿದ್ದ.

"ಪಾಪ ಅನ್ನಿಸ್ತು," ಎಂದೆ.

"ಯಾರ್ನ ನೋಡಿ ಪಾಪ ಅನ್ನಿಸ್ತು? ಹಸೀನ ನೋಡಿನಾ, ಇಲ್ಲ ಅನ್ಬೇಕಾಗಿದ್ದ ನಿನ್ನ ನೋಡಿನಾ?" ಎಂದಳು ಫೆಮ್ಕೆ.

ನನ್ನ ಜೀವಮಾನದಲ್ಲಿ ಯಾರೂ ನನ್ನನ್ನು ಅಷ್ಟು ನೇರವಾಗಿ ಕೇಳಿರಲಿಲ್ಲ. ಉತ್ತರ ಗೊತ್ತಿತ್ತು, ಅದಕ್ಕೇ ಮೈ ಉರಿಯಿತು. ಆದರೂ ಮಾನ ಬಿಟ್ಟು, ಇದೊಂದೇ ಸಲ ನಿಯಮ ಬಿಟ್ಟು ನೋಡೋಣ ಎಂದು ಬೇಡಿಕೊಂಡೆ.

"ನೋಡಾನ ಅಂತ ತಾನೆ ಇಲ್ಲೀಗಂಟ ಬಂದಿದ್ದು," ಎಂದ ಡೌವೆ.

ಶುಕ್ರವಾರ

ಲಾರಿ ಬಂದ ದಿನ ನನ್ನನ್ನು ಯಾರೂ ಕರೆದಿರಲಿಲ್ಲ. ನಾನೇ ಸೈಕಲ್ಲು ಹತ್ತಿ ಹೋದೆ, ಎದುರು ಗಾಳಿ. ದಾರಿಯುದ್ದಕ್ಕೂ ಸೈಕಲ್ಲಿನ ಅಜ್ಜಿಯರು ನನ್ನನ್ನು ಹಿಂದೆ ಹಾಕಿ ಹೋದರು. ಡೌವೆ ಕ್ಲಾರಾಳ ಕುತ್ತಿಗೆಯ ಮೇಲೆ ಕೈಯಿಟ್ಟು ನಿಂತಿದ್ದ.

"ಇವಳಜ್ಜಿ ನಮ್ಮಪ್ಪನ ಕೈಮೇಲೆ ಹುಟ್ಟಿತ್ತು," ಎಂದ. "ಇವಳಿಗೆ ಹೆಣ್ಗರು ಆಗ್ಲಿಲ್ಲ. ಇನ್ ಮುಂದೆ ಕ್ಲಾರಾ ಇಲ್ಲ. ನಂಗೆ ಬೇಜಾರಾಗೈತೆ. ನಿನ್ ಮೇಲೆ ಸಿಟ್ಟೂ ಐತೆ."

ಎರಡನ್ನೂ ಒಂದೇ ದನಿಯಲ್ಲಿ ಹೇಳಿದ. ಆ ದೇಶದವರಿಗೆ ಒಳಗೆ ಏನೂ ಇಲ್ಲ, ಅದಕ್ಕೇ ಅಷ್ಟು ಸಲೀಸಾಗಿ ಇಲ್ಲ ಅನ್ನುತ್ತಾರೆ ಎಂದು ನಾನು ತಿಳಿದಿದ್ದೆ. ಹಸು ಲಾರಿ ಹತ್ತುವಾಗ ಹಿಂತಿರುಗಿ ನೋಡಿತು ಎಂದೆಲ್ಲ ಬರೆಯುವ ಆಸೆ ಇದೆ. ನೋಡಲಿಲ್ಲ. ಒಳಗೆ ಹುಲ್ಲಿತ್ತು, ಹತ್ತಿತು. ನಾನು ಗೊಳೋ ಎಂದು ಅತ್ತೆ. ಡೌವೆ ಒಳಗೆ ಕರೆದು ಕಾಫಿ ಕೊಟ್ಟ, ಬಿಸ್ಕತ್ತಿನ ಡಬ್ಬಿ ಚಾಚಿದ. ಒಂದು ತೆಗೆದುಕೊಂಡೆ. ಮುಚ್ಚಳ ಹಾಕಿದ.

ಮರುದಿನ ಫೆಮ್ಕೆ ಕಾಗದ ಕೊಟ್ಟಳು. ನಾಲ್ಕೇ ವಾಕ್ಯ. ಇವಳ ಕೈ ಗಿಡ್ಡ, ಕಣ್ಣು ಚುರುಕು. ಒಂದು ಸಲ ದೊಡ್ಡ ಸುಳ್ಳು ಹೇಳಿದಳು. ಯಾರೂ ಹಿಡಿಯದಿದ್ದರೂ ತಾನೇ ಒಪ್ಪಿಕೊಂಡಳು. ಹಸುಗಳ ಜೊತೆ ಒಬ್ಬಳೇ ಬಿಡಬಹುದು. ಅಪ್ಪನಿಗೆ ಫೋನಿನಲ್ಲಿ ಓದಿ ಹೇಳುವಾಗ ನಡುವಿನ ಎರಡು ವಾಕ್ಯ ನುಂಗಿಕೊಂಡೆ. ಒಂದೇ ವಾರದಲ್ಲಿ ಪೂರ್ತಿ ಪಳಗಲು ನಾನೇನು ಋಷಿಯೇ?

ಮಾಯಸಂದ್ರದ ಹತ್ತಿರ

ಈಗ ನಾನು ಹಾಲಿನ ಸಂಘಗಳಿಗೆ ಸುತ್ತುವ ದನದ ಡಾಕ್ಟರು. ಸ್ಕ್ಯಾನ್ ಯಂತ್ರವಿಲ್ಲ, ಗಿಡ್ಡ ಕೈಯೇ ಗತಿ. ಸೇರಿದ ಮೊದಲ ವಾರ ಮಾಯಸಂದ್ರದ ಆಚೆಯ ಒಂದು ತೋಟದ ಮನೆಯಿಂದ ಕರೆ ಬಂತು. ಜಯಮ್ಮ ಎಂಬ ಹೆಂಗಸು, ಒಂದೇ ಹಸು. ತೆಂಗಿನ ಮರಕ್ಕೆ ಹಸುವನ್ನು ಕಟ್ಟಿ, ನನಗೆ ನಿಲ್ಲಲು ಕಲ್ಲೊಂದನ್ನು ಉರುಳಿಸಿಕೊಟ್ಟರು. ಒಲೆಯ ಮೇಲೆ ಕಾಫಿಗೆ ನೀರಿಟ್ಟು ಬಂದು ಹಗ್ಗ ಹಿಡಿದು ನಿಂತರು.

"ಈ ಸಲ ನಿಂತೈತೆ ಅಲ್ವೇನವ್ವ? ಓದ್ಸಲ ಬಂದೋರೂ ನೋಡಾನ ಅಂದಿದ್ರು."

ಕೈ ಒಳಗಿತ್ತು. ಬೆರಳಿಗೆ ಗೊತ್ತಾಗಿತ್ತು. ಜಯಮ್ಮ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನೋಡಾನ ಎಂಬುದರ ಮೊದಲ ಅಕ್ಷರ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು.

"ಇಲ್ಲ ಕಣಮ್ಮ. ಗಬ್ಬ ಇಲ್ಲ," ಎಂದೆ.

ಆಕೆಯ ಮುಖ ಕಪ್ಪಿಟ್ಟಿತು. ಹಗ್ಗ ಬಿಟ್ಟು ಒಳಗೆ ಹೋದರು. ಕಾಫಿಯ ನೀರನ್ನು ಬಚ್ಚಲಿಗೆ ಚೆಲ್ಲಿದ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಪರವಾಗಿಲ್ಲ ಅನ್ನಿಸಿತು. ಇಲ್ಲ ಎಂದಿದ್ದೆ, ಪೂರ್ತಿ ಮುಖ ನೋಡಿಕೊಂಡು ಎಂದಿದ್ದೆ, ಆಕಾಶ ಬಿದ್ದಿರಲಿಲ್ಲ. ಕೈ ತೊಳೆದು, ಪೆಟ್ಟಿಗೆಯನ್ನು ಸ್ಕೂಟರಿಗೆ ಕಟ್ಟಿ, ಗೆದ್ದವಳ ಹಾಗೆ ಕಿಕ್ ಹೊಡೆದೆ.

ಹಿಂದಿನಿಂದ ಜಯಮ್ಮನ ಕೂಗು ಬಂತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಗಿಲಲ್ಲಿ ನಿಂತಿದ್ದರು.

"ಎಲ್ಲಿಗವ್ವ ಹೊಂಟೆ? ಬರೀ ಇಲ್ಲ ಅನ್ನಾಕೇ ಅಷ್ಟ್ ದೂರದಿಂದ ಬಂದಿದ್ದಾ? ಈಗೇನ್ ಮಾಡ್ಬೇಕು ಅದ್ನ ಹೇಳು!"

ಸ್ಕೂಟರು ಆರಿಸಿ ಪೆಟ್ಟಿಗೆ ಬಿಚ್ಚಿದೆ.